ಕುದುರೆಗೂ ಇದ್ದ ಅರೆತೆ

ಪ್ರಶ್ನೆ: ನಾನು ಖಾಸಗಿ ಸಂಸ್ಥೆಯೊಂದರ ಉದ್ಯೋಗಿ. ಈಚೆಗೆ ನಮ್ಮ ಕಚೇರಿಯಲ್ಲಿ ನಡೆದ ತರಬೇತಿ ಶಿಬಿರದಲ್ಲಿ ಪ್ರಾಚೀನ ಗ್ರೀಕರ ‘ಅರೆತೆ’ ಎಂಬ ಆದರ್ಶವನ್ನು ಪರಿಚಯಿಸಿದರು. ಪ್ರತಿ ಕ್ಷಣವೂ, ಪ್ರತಿ ಕೆಲಸದಲ್ಲಿಯೂ ನಮ್ಮಿಂದಾಗುವ ಅತ್ಯುತ್ತಮವನ್ನೇ ಕೊಡುವುದು ಅರೆತೆ ಎಂದರು. ‘ನಾವು ಪದೇ ಪದೇ ಮಾಡುವುದೇ ನಾವು; ಆದ್ದರಿಂದ ಶ್ರೇಷ್ಠತೆ ಎಂಬುದು ಒಂದು ಕ್ರಿಯೆಯಲ್ಲ, ಅಭ್ಯಾಸ’ ಎಂಬ ಅರಿಸ್ಟಾಟಲನ ಮಾತನ್ನು ಪರದೆಯ ಮೇಲೆ ತೋರಿಸಿದರು. ಮನೆಗೆ ಬಂದು ಹುಡುಕಿದರೆ ಅರೆತೆ ಎಂದರೆ ‘ಸದ್ಗುಣ’ ಎಂಬ ಅರ್ಥ ಸಿಕ್ಕಿತು. ಶ್ರೇಷ್ಠತೆಯೂ ಸದ್ಗುಣವೂ ಒಂದೇ ಆಗುವುದು ಹೇಗೆ? ಗ್ರೀಕರು ನಿಜವಾಗಿಯೂ ಹೀಗೆ ಬದುಕಿದ್ದರೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಎಳೆಗಳು ಸಿಕ್ಕಿಕೊಂಡಿವೆ. ಅವುಗಳಲ್ಲಿ ಬೇಗ ಬಿಡಿಸಬಹುದಾದದ್ದು ಆ ಉಕ್ತಿಯ ವಿಷಯ. ಅದು ಅರಿಸ್ಟಾಟಲನ ಮಾತಲ್ಲ. ಅಮೆರಿಕದ ಲೇಖಕ ವಿಲ್ ಡ್ಯೂರಂಟ್ ಸಾಮಾನ್ಯ ಓದುಗರಿಗಾಗಿ ತತ್ತ್ವಶಾಸ್ತ್ರದ ಕಥೆಯನ್ನು ಹೇಳುವ ಗ್ರಂಥವೊಂದನ್ನು 1926ರಲ್ಲಿ ಪ್ರಕಟಿಸಿದರು. ಅದರಲ್ಲಿ ಅರಿಸ್ಟಾಟಲನ ನೀತಿವಿಚಾರವನ್ನು ತಮ್ಮದೇ ಮಾತಿನಲ್ಲಿ ಸಂಗ್ರಹಿಸುವಾಗ ಅವರು ಬರೆದ ವಾಕ್ಯ ಇದು. ಆಮೇಲೆ ಯಾರೋ ಡ್ಯೂರಂಟರ ಹೆಸರನ್ನು ಅಳಿಸಿ ಅರಿಸ್ಟಾಟಲನ ಹೆಸರನ್ನು ಅಂಟಿಸಿದರು. ಹೆಸರು ತಪ್ಪಿದ್ದು ಅಂಥ ದೊಡ್ಡ ಅಪರಾಧವೇನಲ್ಲ. ಆದರೆ ಇದೇ ವಿಷಯದಲ್ಲಿ ಅರಿಸ್ಟಾಟಲ್ ನಿಜವಾಗಿ ಹೇಳಿದ್ದು ಆ ವಾಕ್ಯಕ್ಕಿಂತ ಬಹಳ ಎಚ್ಚರಿಕೆಯ ಮಾತಾದ್ದರಿಂದ ಅದಕ್ಕೆ ಮುಂದೆ ಮರಳಿ ಬರುತ್ತೇನೆ.

ಎರಡನೆಯ ಎಳೆ ‘ಸದ್ಗುಣ’. ಗ್ರೀಕರ ಅರೆತೆಯನ್ನು ರೋಮನ್ನರು ತಮ್ಮ ಲ್ಯಾಟಿನ್ನಿನಲ್ಲಿ ‘ವಿರ್ತುಸ್’ ಎಂದು ಕರೆದರು. ಆ ಪದ ಗಂಡಸು ಎಂಬ ಅರ್ಥದ ‘ವಿರ್’ ಎಂಬುದರಿಂದ ಬಂದದ್ದು ಎಂದು ರೋಮಿನ ವಾಗ್ಮಿ ಸಿಸೆರೊನೇ ಬರೆದಿದ್ದಾನೆ. ನಮ್ಮ ‘ವೀರ’ ಶಬ್ದವೂ ಅದೇ ಕುಲದ್ದು. ಹೀಗೆ ಮೊದಲ ಹೆಜ್ಜೆಯಲ್ಲಿಯೇ ಅರೆತೆಗೆ ಗಂಡಸುತನದ ಬಣ್ಣ ಮೆತ್ತಿಕೊಂಡಿತು. ಬಳಿಕ ಕ್ರೈಸ್ತ ಧರ್ಮದ ಶತಮಾನಗಳನ್ನು ಹಾದುಬರುವಾಗ ಅದೇ ಪದ ಶೀಲ, ಸಂಯಮ, ವಿನಯಗಳತ್ತ ವಾಲಿತು. ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದಾಗ ನಾವು ಅದನ್ನು ‘ಸದ್ಗುಣ’ ಎಂದು ಅನುವಾದಿಸಿಕೊಂಡೆವು. ನಾನೇ ಹಲವು ವರ್ಷ ತರಗತಿಯಲ್ಲಿ ಹಾಗೆಯೇ ಬರೆಸುತ್ತಿದ್ದೆ. ಹೋಮರನ ಕಾವ್ಯದ ಕುದುರೆಗಳ ಪ್ರಸಂಗ ಬಂದ ದಿನ ವಿದ್ಯಾರ್ಥಿನಿಯೊಬ್ಬಳು ‘ಕುದುರೆಗೆ ಎಂಥ ಸದ್ಗುಣ ಸಾರ್?’ ಎಂದು ಕೇಳಿದ ಮೇಲೆ ಆ ಅನುವಾದವನ್ನು ಬಿಟ್ಟೆ.

ಅವಳ ಪ್ರಶ್ನೆ ಸರಿಯಾಗಿತ್ತು. ಇಲಿಯಡ್ ಮಹಾಕಾವ್ಯದ 23ನೆಯ ಸರ್ಗದಲ್ಲಿ, ಸತ್ತ ಗೆಳೆಯ ಪೆಟ್ರೋಕ್ಲಸನ ಗೌರವಾರ್ಥ ರಥಗಳ ಪಂದ್ಯವನ್ನು ಏರ್ಪಡಿಸಿದ ಗ್ರೀಕ್ ವೀರ ಅಕಿಲೀಸ್, ‘ನನ್ನ ಕುದುರೆಗಳು ಅರೆತೆಯಲ್ಲಿ ಎಷ್ಟು ಮಿಗಿಲೆಂಬುದು ನಿಮಗೆ ಗೊತ್ತೇ ಇದೆ’ ಎಂಬ ಅರ್ಥದ ಮಾತನ್ನಾಡುತ್ತಾನೆ. ಇತಿಹಾಸಕಾರ ಥ್ಯೂಸಿಡಿಡೀಸ್ ಗ್ರೀಸಿನ ಕೆಲವು ಸೀಮೆಗಳು ಬೇಗ ಬಲಿತು ಒಳಜಗಳಕ್ಕೆ ತುತ್ತಾದದ್ದನ್ನು ವಿವರಿಸುವಾಗ ಅದಕ್ಕೆ ಕಾರಣ ನೆಲದ ಅರೆತೆ ಎನ್ನುತ್ತಾನೆ. ಪ್ಲೇಟೋವಿನ ಸಂವಾದದಲ್ಲಿ ಸಾಕ್ರಟೀಸ್ ಕಣ್ಣಿಗೂ ಕಿವಿಗೂ ಅರೆತೆ ಉಂಟೆಂದು ಒಪ್ಪಿಸುತ್ತಾನೆ. ಇವನ್ನೆಲ್ಲ ಕನ್ನಡಕ್ಕೆ ತರುವುದು ಕಷ್ಟವೇನಲ್ಲ: ‘ಸತ್’ ಎಂಬ ಉಪಸರ್ಗವನ್ನು ತೆಗೆದು ಬರಿಯ ‘ಗುಣ’ವನ್ನು ಉಳಿಸಿಕೊಂಡರೆ ಸಾಕು. ನಾವು ಮಣ್ಣಿನ ಗುಣ ಎನ್ನುತ್ತೇವೆ, ಮದ್ದಿನ ಗುಣ ಎನ್ನುತ್ತೇವೆ. ಆ ಮಣ್ಣು ಧರ್ಮಿಷ್ಠವೆಂದು ನಮ್ಮ ಅಭಿಪ್ರಾಯವಲ್ಲ. ಬೆಳೆ ಕೊಡುವ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ ಎಂದಷ್ಟೇ. ಯಾವುದೇ ವಸ್ತು ಅಥವಾ ಜೀವಿ ತನಗೆ ಸಹಜವಾದ ಕೆಲಸವನ್ನು ಚೆನ್ನಾಗಿ ಮಾಡುವಂತೆ ಮಾಡುವ ಗುಣವೇ ಅರೆತೆ. ಆಗ ತಾನಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಕುದುರೆಯ ಕೆಲಸ ಓಡುವುದು, ಕಣ್ಣಿನ ಕೆಲಸ ಕಾಣುವುದು, ಮನುಷ್ಯನ ಕೆಲಸ ಯಾವುದು? ಗ್ರೀಕರ ಅರೆತೆಯ ಕಥೆಯೆಂದರೆ ನನ್ನ ದೃಷ್ಟಿಯಲ್ಲಿ ಈ ಒಂದು ಪ್ರಶ್ನೆಯ ಮೇಲೆ ಹಲವು ಶತಮಾನಗಳ ಕಾಲ ನಡೆದ ಜಗಳ. ಎಲ್ಲರೂ ಒಪ್ಪಿ ಆಚರಿಸುತ್ತಿದ್ದ ಒಂದು ಜೀವನಸೂತ್ರ ಅವರಲ್ಲಿ ಇರಲೇ ಇಲ್ಲ.

ಹೋಮರನ ವೀರರಿಗೆ ಉತ್ತರದ ಬಗ್ಗೆ ಸಂದೇಹವಿರಲಿಲ್ಲ. ಯುದ್ಧಕ್ಕೆ ಹೊರಟ ಗ್ಲಾಕಸನಿಗೆ ಅವನ ತಂದೆ ಕೊಟ್ಟ ಅಪ್ಪಣೆ ಇಲಿಯಡ್‌ನ 6ನೆಯ ಸರ್ಗದಲ್ಲಿದೆ: ಯಾವಾಗಲೂ ಮೊದಲಿಗನಾಗಿರು, ಉಳಿದವರನ್ನು ಮೀರಿಸು, ಹಿರಿಯರ ಕುಲಕ್ಕೆ ಕಳಂಕ ತರಬೇಡ. ಅಕಿಲೀಸನನ್ನು ಬೆಳೆಸಿದ ಮುದುಕ ಫೀನಿಕ್ಸ್, ಮಾತಿನಲ್ಲಿ ಬಲ್ಲವನೂ ಕೃತಿಯಲ್ಲಿ ಗಟ್ಟಿಗನೂ ಆಗುವಂತೆ ನಿನಗೆ ಕಲಿಸಲು ನನ್ನನ್ನು ನೇಮಿಸಿದ್ದರು ಎಂದು ಅವನಿಗೆ ನೆನಪಿಸುತ್ತಾನೆ. ರಣರಂಗ, ಸಭೆ ಎರಡರಲ್ಲೂ ಮೇಲುಗೈ ಪಡೆಯಬೇಕು, ಮತ್ತು ಅದನ್ನು ಸರೀಕರು ನೋಡಿ ಒಪ್ಪಬೇಕು. ಇಲ್ಲಿ ಗಮನಿಸಬೇಕಾದದ್ದು, ‘ಉಳಿದವರನ್ನು ಮೀರಿಸು’ ಎಂಬ ಮಾತು. ನಿನ್ನೆಯ ನಿನಗಿಂತ ಇಂದಿನ ನೀನು ಮೇಲಾಗು ಎಂದು ಹೋಮರನ ತಂದೆಯರು ಯಾರೂ ಹೇಳುವುದಿಲ್ಲ. ತನ್ನೊಳಗೇ ಅಡಗಿ ಕುಳಿತ, ಯಾರ ಕಣ್ಣಿಗೂ ಬೀಳದ ಅರೆತೆ ಎಂದರೆ ಆ ಲೋಕದಲ್ಲಿ ಅರ್ಥವೇ ಇಲ್ಲ.

ಆದರೆ ಹೋಮರ್ ತನ್ನ ವೀರರಷ್ಟು ಸರಳನಲ್ಲ. 20ನೆಯ ಸರ್ಗದಲ್ಲಿ ಟ್ರಾಯ್ ದೊರೆ ಪ್ರಿಯಾಮನ ಕಿರಿಯ ಮಗ ಪಾಲಿಡೋರಸ್ ಬರುತ್ತಾನೆ. ಚಿಕ್ಕವನು, ಮುದ್ದಿನವನು ಎಂದು ತಂದೆ ಅವನನ್ನು ಕಾಳಗಕ್ಕೆ ಹೋಗದಂತೆ ತಡೆದಿದ್ದ. ಓಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹುಡುಗುಬುದ್ಧಿಯಿಂದ ತನ್ನ ಕಾಲುಗಳ ಅರೆತೆಯನ್ನು ತೋರಿಸುತ್ತ ಅವನು ಮುಂಚೂಣಿಯಲ್ಲಿ ಓಡಾಡಿದ. ಹಾಗೆ ಓಡುವಾಗಲೇ ಅಕಿಲೀಸನ ಈಟಿ ಬೆನ್ನಿಗೆ ನೆಟ್ಟಿತು. ಕವಿ ಇಲ್ಲಿ ಅರೆತೆ ಎಂಬ ಪದವನ್ನೇ ಬಳಸಿದ್ದಾನೆ. ಅರೆತೆ ನಿಜವಾದದ್ದು, ಆದರೆ ಅದನ್ನು ಎಲ್ಲಿ, ಯಾವಾಗ ತೋರಬೇಕೆಂಬ ತಿಳಿವಳಿಕೆ ಅದರೊಡನೆ ಬರಲಿಲ್ಲ. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಇನ್ನೂ ಕಹಿಯಾದ ಮಾತೊಂದಿದೆ. ಇಪ್ಪತ್ತು ವರ್ಷಗಳ ನಂತರ ವೇಷ ಮರೆಸಿಕೊಂಡು ಮರಳಿದ ಒಡಿಸ್ಯೂಸನ ಕಣ್ಣೆದುರಿಗೆ ಅವನ ಹಳೆಯ ಬೇಟೆನಾಯಿ ಸಗಣಿಯ ಗುಡ್ಡೆಯ ಮೇಲೆ ಅನಾಥವಾಗಿ ಬಿದ್ದಿರುತ್ತದೆ. ಆಗ ಹಂದಿ ಕಾಯುವ ಯೂಮೇಯಸ್ ಹೇಳುತ್ತಾನೆ: ಒಡೆಯನಿಲ್ಲದ ಮನೆಯಲ್ಲಿ ಆಳುಗಳು ಕೆಲಸ ಮಾಡುವುದಿಲ್ಲ, ಗುಲಾಮಗಿರಿಯ ದಿನ ಹಿಡಿದೊಡನೆ ಜ್ಯೂಸ್ ದೇವತೆ ಮನುಷ್ಯನ ಅರೆತೆಯಲ್ಲಿ ಅರ್ಧವನ್ನು ಕಿತ್ತುಕೊಳ್ಳುತ್ತಾನೆ. ಹೇಳುತ್ತಿರುವವನೂ ಗುಲಾಮನೇ. ಒಡಿಸ್ಯೂಸನ ಹೆಂಡತಿ ಪೆನೆಲೋಪೆಯೂ ತನ್ನ ಗಂಡ ಟ್ರಾಯ್‌ಗೆ ಹೊರಟ ದಿನವೇ ದೇವತೆಗಳು ನನ್ನ ಅರೆತೆಯನ್ನು ಹಾಳುಮಾಡಿದರು ಎಂದು ದುಃಖಿಸುತ್ತಾಳೆ. ಪ್ರಯತ್ನವೊಂದಿದ್ದರೆ ಯಾರು ಬೇಕಾದರೂ ಶ್ರೇಷ್ಠರಾಗಬಹುದು ಎಂಬ ಶಿಬಿರದ ಭರವಸೆಗೂ ಈ ಮಾತುಗಳಿಗೂ ಎಷ್ಟು ದೂರವಿದೆ ನೋಡಿ. ಹಳೆಯ ಗ್ರೀಕರ ಪಾಲಿಗೆ ಅರೆತೆ ಹುಟ್ಟು, ಅದೃಷ್ಟ, ಸ್ವಾತಂತ್ರ್ಯ, ಕೊನೆಗೆ ಗಂಡ ಮನೆಯಲ್ಲಿರುವುದು, ಇವೆಲ್ಲದರ ಮೇಲೆ ನಿಂತಿದ್ದ ವಸ್ತು, ಕೈತಪ್ಪಿಯೂ ಹೋಗಬಹುದಾದದ್ದು.

ಸರೀಕರ ಒಪ್ಪಿಗೆ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ಸೊಫೊಕ್ಲೀಸ್ ತನ್ನ ಏಜಾಕ್ಸ್ ನಾಟಕದಲ್ಲಿ ತೋರಿಸಿದ. ಅಕಿಲೀಸನ ಆಯುಧಗಳು ತನಗೇ ಸಲ್ಲಬೇಕೆಂದು ನಂಬಿದ್ದ ಏಜಾಕ್ಸ್, ಅವು ಒಡಿಸ್ಯೂಸನ ಪಾಲಾದ ಅವಮಾನವನ್ನು ತಾಳದೆ, ಮರುಳಿನಲ್ಲಿ ದನಕುರಿಗಳನ್ನು ಶತ್ರುಗಳೆಂದು ಕಡಿದು, ಎಚ್ಚೆತ್ತ ಮೇಲೆ ತನ್ನ ಕತ್ತಿಗೆ ತಾನೇ ಬೀಳುತ್ತಾನೆ. ಈ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ಮರುರೂಪಿಸಿದ್ದರಿಂದ ಅದರ ಬಿಸಿ ನಮ್ಮ ಓದುಗರಿಗೆ ಅಪರಿಚಿತವಲ್ಲ.

ಈ ವೀರಗುಣವೇ ಮನುಷ್ಯನ ಗುಣವೆಂಬ ನಂಬಿಕೆಯನ್ನು ಕದಲಿಸುವ ಕೆಲಸ ಬೇಗನೆ ಶುರುವಾಯಿತು. ಹೊಲ ಉಳುತ್ತಿದ್ದ ಕವಿ ಹೆಸಿಯಡ್, ಅರೆತೆಯ ಮುಂದೆ ದೇವತೆಗಳು ಬೆವರನ್ನು ಇಟ್ಟಿದ್ದಾರೆ, ದಾರಿ ಕಡಿದಾದದ್ದು, ಮೊದಮೊದಲು ಒರಟಾದದ್ದು ಎಂದು ಹಾಡಿದ. ಕ್ರಿ.ಪೂ. 7ನೆಯ ಶತಮಾನದ ಸ್ಪಾರ್ಟಾದಲ್ಲಿ ಕವಿ ಟಿರ್ಟೇಯಸ್ ಓಟಗಾರನನ್ನೂ ಕುಸ್ತಿಪಟುವನ್ನೂ ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದ. ಪಂಕ್ತಿ ಬಿಡದೆ ನಿಂತು ಕಾದುವವನ ಧೈರ್ಯವೊಂದೇ ಊರಿಗೂ ಜನಕ್ಕೂ ಒಟ್ಟಾಗಿ ದಕ್ಕುವ ಒಳಿತು ಎಂಬುದು ಅವನ ವಾದ. ಮೀರಿಸುವ ಒಬ್ಬನ ಜಾಗದಲ್ಲಿ ಜೊತೆಗೆ ನಿಲ್ಲುವ ಒಬ್ಬ ಬಂದ.

ಈ ಜಗಳದಲ್ಲಿ ನನಗೆ ತುಂಬ ಇಷ್ಟವಾಗುವುದು ಊಟದ ಪ್ರಕರಣ. ಒಲಿಂಪಿಯಾದ ಆಟಗಳಲ್ಲಿ ಗೆದ್ದವನೊಬ್ಬನಿಗೆ ಮಾತ್ರ ಕಾಡು ಆಲಿವ್ ಎಲೆಗಳ ಕಿರೀಟ ಸಿಗುತ್ತಿತ್ತು. ಎರಡನೆಯ, ಮೂರನೆಯ ಬಹುಮಾನಗಳಿರಲಿಲ್ಲ. ಗೆದ್ದು ಊರಿಗೆ ಬಂದವನಿಗೆ ಸಾರ್ವಜನಿಕ ಖರ್ಚಿನಲ್ಲಿ ಊಟ ಹಾಕುವ ರೂಢಿ ಇತ್ತು. ಕವಿ-ಚಿಂತಕ ಕ್ಸೆನೊಫನೀಸ್ ಇದನ್ನು ನೋಡಿ ಸಿಡುಕಿದ: ಮನುಷ್ಯರ, ಕುದುರೆಗಳ ಬಲಕ್ಕಿಂತ ನಮ್ಮ ಅರಿವು ಮೇಲು, ಕುಸ್ತಿಯಲ್ಲಿ ಒಬ್ಬ ಗೆದ್ದನೆಂದು ಊರಿನ ಆಡಳಿತ ಸುಧಾರಿಸುವುದಿಲ್ಲ, ಊರಿನ ಕಣಜವೂ ತುಂಬುವುದಿಲ್ಲ. ಮುಂದೆ ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಾಲಯ ಸಾಕ್ರಟೀಸನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿ, ನಿನಗೆ ಯಾವ ಶಿಕ್ಷೆ ತಕ್ಕದ್ದೆಂದು ನೀನೇ ಸೂಚಿಸು ಎಂದಾಗ, ಅವನು ಅದೇ ಊಟವನ್ನು ಕೇಳಿದನೆಂದು ಪ್ಲೇಟೋ ಬರೆದಿದ್ದಾನೆ. ಅವನ ವಾದ ಇದು: ಒಲಿಂಪಿಯಾದಲ್ಲಿ ರಥ ಓಡಿಸಿ ಗೆದ್ದವನು ನೀವು ಸುಖಿಗಳೆಂದು ನಿಮಗೆ ತೋರುವಂತೆ ಮಾಡುತ್ತಾನೆ, ನಾನು ನೀವು ಸುಖಿಗಳಾಗಿರುವಂತೆ ಮಾಡುತ್ತೇನೆ. ಮೇಲಾಗಿ ಅವನಿಗೆ ಊಟಕ್ಕೆ ಕೊರತೆಯಿಲ್ಲ, ನನಗಿದೆ. ತಮಾಷೆಯ ಹಿಂದೆ ಇರುವುದು ಹೋಮರನಿಂದ ನಡೆದುಬಂದ ಮೌಲ್ಯವನ್ನೇ ತಲೆಕೆಳಗು ಮಾಡುವ ಹಟ: ಮನುಷ್ಯನ ಕೆಲಸ ಗೆಲ್ಲುವುದಲ್ಲ, ತಾನು ಬದುಕುತ್ತಿರುವ ರೀತಿಯನ್ನು ಪರೀಕ್ಷಿಸುವುದು.

ಸಾಕ್ರಟೀಸನ ಕಾಲಕ್ಕೆ ಅರೆತೆಯನ್ನು ಕಲಿಸುತ್ತೇವೆಂದು ಹೇಳಿ ಶುಲ್ಕ ಪಡೆಯುವ ಗುರುಗಳು ಊರೂರು ಸುತ್ತುತ್ತಿದ್ದರು. ನಿಮ್ಮ ಶಿಬಿರದವರ ನಿಜವಾದ ಪೂರ್ವಜರು ಇವರು, ಸೋಫಿಸ್ಟರು. ಇವರಲ್ಲಿ ದೊಡ್ಡವನಾದ ಪ್ರೊಟಾಗೊರಸ್ ತಾನು ಕಲಿಸುವುದು ಮನೆಯನ್ನು ಚೆನ್ನಾಗಿ ನಿರ್ವಹಿಸುವ, ನಗರದ ವ್ಯವಹಾರಗಳಲ್ಲಿ ನಡೆನುಡಿಗಳಿಂದ ಸಮರ್ಥನಾಗುವ ವಿವೇಕವನ್ನು ಎನ್ನುತ್ತಾನೆ. ಅವನ ಶುಲ್ಕದ ಕ್ರಮವನ್ನೂ ಪ್ಲೇಟೋ ದಾಖಲಿಸಿದ್ದಾನೆ: ಕೇಳಿದಷ್ಟು ಕೊಡಲು ಮನಸ್ಸಿಲ್ಲದ ಶಿಷ್ಯ ದೇವಾಲಯಕ್ಕೆ ಹೋಗಿ, ಕಲಿತದ್ದರ ಬೆಲೆ ಇಷ್ಟೆಂದು ಪ್ರಮಾಣ ಮಾಡಿ, ಅಷ್ಟನ್ನೇ ಕೊಡಬಹುದು. ಈ ಏರ್ಪಾಟಿಗೆ ಇಂದಿನ ತರಬೇತುದಾರರಲ್ಲಿ ಎಷ್ಟು ಮಂದಿ ಒಪ್ಪಿಯಾರು ಎಂಬ ಕುತೂಹಲ ನನಗಿದೆ.

ಇನ್ನು ಅರಿಸ್ಟಾಟಲ್. ಅವನ ನೀತಿಗ್ರಂಥದ ಮೊದಲ ಭಾಗದಲ್ಲಿ ವಾದ ಸಾಗುವುದು ಹೀಗೆ: ಕೊಳಲು ನುಡಿಸುವವನಿಗೆ, ಶಿಲ್ಪಿಗೆ ತಮ್ಮ ತಮ್ಮ ಕೆಲಸವಿರುವಂತೆ ಮನುಷ್ಯನಿಗೆ ಮನುಷ್ಯನಾಗಿ ಒಂದು ಕೆಲಸವಿರಬೇಕು. ಬದುಕಿರುವುದು ಗಿಡಕ್ಕೂ ಉಂಟು, ಇಂದ್ರಿಯಗಳು ದನಕ್ಕೂ ಉಂಟು. ಉಳಿಯುವುದು ವಿವೇಚನೆಯಿಂದ ನಡೆಯುವ ಬಾಳು. ಅದನ್ನು ಅರೆತೆಗೆ ತಕ್ಕಂತೆ ನಡೆಸುವುದೇ ‘ಎವ್ಡೈಮೊನಿಯಾ’, ಅಂದರೆ ತುಂಬಿದ ಬಾಳು. ಅದೂ ಪೂರ್ತಿ ಒಂದು ಆಯುಸ್ಸಿನಲ್ಲಿ, ಏಕೆಂದರೆ ಒಂದು ಬಾನಾಡಿ ಬಂದ ಮಾತ್ರಕ್ಕೆ ವಸಂತ ಬರುವುದಿಲ್ಲ. ಇಲ್ಲಿಗೆ ನಿಮ್ಮ ‘ಶ್ರೇಷ್ಠತೆ’ಯೂ ‘ಸದ್ಗುಣ’ವೂ ಕೂಡುವ ಜಾಗ ಸಿಕ್ಕಿತು. ಹಂಚಿಕೊಂಡು ಬಾಳುವುದು ಮನುಷ್ಯನ ಕೆಲಸದ ಭಾಗವಾದರೆ ನ್ಯಾಯ, ಧೈರ್ಯ, ಮಿತ, ಔದಾರ್ಯಗಳು ಮನುಷ್ಯನನ್ನು ಆ ಕೆಲಸದಲ್ಲಿ ನುರಿತವನನ್ನಾಗಿ ಮಾಡುವ ಗುಣಗಳು, ವೇಗ ಕುದುರೆಯ ಗುಣವಾದಂತೆ. ಅವು ಹೊರಗಿನಿಂದ ಹೇರಿದ ಕಟ್ಟಳೆಗಳಲ್ಲ.

ಅಭ್ಯಾಸದ ಬಗ್ಗೆ ಅವನು ಏನು ಹೇಳಿದ? ಮನೆ ಕಟ್ಟುತ್ತ ಕಟ್ಟುವವರಾಗುತ್ತೇವೆ, ತಂತಿವಾದ್ಯ ನುಡಿಸುತ್ತ ವಾದಕರಾಗುತ್ತೇವೆ, ಹಾಗೆಯೇ ನ್ಯಾಯವಾಗಿ ನಡೆಯುತ್ತ ನ್ಯಾಯವಂತರಾಗುತ್ತೇವೆ ಎಂದ. ಡ್ಯೂರಂಟರ ವಾಕ್ಯಕ್ಕೆ ಮೂಲ ಇದೇ. ಆದರೆ ಅರಿಸ್ಟಾಟಲ್ ಅಲ್ಲಿಗೆ ನಿಲ್ಲಿಸಲಿಲ್ಲ. ತಂತಿವಾದ್ಯ ನುಡಿಸಿಯೇ ಒಳ್ಳೆಯ ವಾದಕರೂ ಆಗುತ್ತಾರೆ, ಕೆಟ್ಟ ವಾದಕರೂ ಆಗುತ್ತಾರೆ ಎಂದು ಕೂಡಲೇ ಸೇರಿಸಿದ. ಪದೇ ಪದೇ ಮಾಡುವುದು ಅಪಸ್ವರವನ್ನೂ ಗಟ್ಟಿಮಾಡುತ್ತದೆ. ಆದ್ದರಿಂದಲೇ ಕಲಿಸುವವರು ಬೇಕು, ಎಳವೆಯಿಂದ ಯಾವ ರೂಢಿಯಲ್ಲಿ ಬೆಳೆದೆವು ಎಂಬುದು ಅಲ್ಪಸ್ವಲ್ಪವಲ್ಲ, ಎಲ್ಲಕ್ಕಿಂತ ಮುಖ್ಯ. ಅಷ್ಟು ಮಾತ್ರವಲ್ಲ, ಕೃತ್ಯ ಹೊರನೋಟಕ್ಕೆ ಸರಿಯಾಗಿದ್ದರೆ ಸಾಲದು: ಮಾಡುವವನಿಗೆ ತಾನು ಮಾಡುತ್ತಿರುವುದು ಗೊತ್ತಿರಬೇಕು, ಅದನ್ನು ಅದಕ್ಕಾಗಿಯೇ ಅವನು ಆರಿಸಿಕೊಂಡಿರಬೇಕು, ಕದಲದ ಮನಸ್ಥಿತಿಯಿಂದ ಮಾಡಿರಬೇಕು ಎಂಬ ಮೂರು ಷರತ್ತುಗಳನ್ನು ಅವನು ಹಾಕುತ್ತಾನೆ. ಮೇಲಧಿಕಾರಿ ನೋಡುತ್ತಾರೆಂದು ಪ್ರತಿದಿನ ತಪ್ಪದೆ ಮಾಡಿದ ಒಳ್ಳೆಯ ಕೆಲಸ ಎರಡನೆಯ ಷರತ್ತಿನಲ್ಲಿಯೇ ಬಿದ್ದುಹೋಗುತ್ತದೆ.

ಅರೆತೆ ಎರಡು ಅತಿಗಳ ನಡುವೆ ಇರುತ್ತದೆ ಎಂಬ ಅವನ ಮಾತನ್ನು ಸಾಮಾನ್ಯವಾಗಿ ‘ನಡುದಾರಿ’ ಎಂದು ಅನುವಾದಿಸುವುದುಂಟು. ಅದರಿಂದ ಎಲ್ಲದರಲ್ಲೂ ಅರೆಬರೆ ಎಂಬ ತಪ್ಪು ಕಲ್ಪನೆ ಹುಟ್ಟುತ್ತದೆ. ನಮ್ಮಲ್ಲಿ ಅದಕ್ಕೆ ಅಚ್ಚುಕಟ್ಟಾದ ಮಾತಿದೆ: ಹದ. ಹತ್ತು ಮಿನಾ ತೂಕದ ಆಹಾರ ಹೆಚ್ಚು, ಎರಡು ಮಿನಾ ಕಡಿಮೆ ಎಂದಾದರೆ ಗರಡಿಯ ಗುರು ಎಲ್ಲರಿಗೂ ಆರು ಎಂದು ಬಡಿಸುವುದಿಲ್ಲ. ಕುಸ್ತಿಯ ದೈತ್ಯ ಮೈಲೊನಿಗೆ ಆರು ಸಾಲದು, ಈಗಷ್ಟೇ ಗರಡಿಗೆ ಬಂದ ಹುಡುಗನಿಗೆ ಅದೇ ಹೆಚ್ಚು ಎಂದು ಅರಿಸ್ಟಾಟಲ್ ಉದಾಹರಿಸುತ್ತಾನೆ. ಬೆಲ್ಲದ ಪಾಕ ಇಳಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಿಟ್ಟಾಗುವುದು ಯಾರಿಗೂ ಸುಲಭ, ಆದರೆ ಸರಿಯಾದ ವ್ಯಕ್ತಿಯ ಮೇಲೆ, ಸರಿಯಾದಷ್ಟು, ಸರಿಯಾದ ಹೊತ್ತಿನಲ್ಲಿ, ಸರಿಯಾದ ಕಾರಣಕ್ಕೆ, ಸರಿಯಾದ ರೀತಿಯಲ್ಲಿ ಸಿಟ್ಟಾಗುವುದು ಸುಲಭವಲ್ಲ ಎಂದು ಅವನು ಹೇಳುವುದು ಈ ಹದವನ್ನೇ. ಪಾಲಿಡೋರಸನಲ್ಲಿ ಇಲ್ಲದಿದ್ದದ್ದೂ ಇದೇ.

ಹಾಗಾದರೆ ‘ಪ್ರತಿ ಕೆಲಸದಲ್ಲಿಯೂ ಅತ್ಯುತ್ತಮ’ ಎಂಬುದು? ಅದನ್ನು ಅರಿಸ್ಟಾಟಲ್ ಒಪ್ಪುತ್ತಿರಲಿಲ್ಲ. ರಾಜ್ಯನೀತಿಯನ್ನು ಕುರಿತ ತನ್ನ ಗ್ರಂಥದ ಕೊನೆಯ ಭಾಗದಲ್ಲಿ ಅವನು ಮಕ್ಕಳಿಗೆ ಸಂಗೀತ ಕಲಿಸಬೇಕು, ಆದರೆ ಸ್ಪರ್ಧೆಗಳಲ್ಲಿ ಬೆರಗು ಹುಟ್ಟಿಸುವ ವೃತ್ತಿಪರರ ಮಟ್ಟಕ್ಕೆ ಕಲಿಸಬಾರದು ಎನ್ನುತ್ತಾನೆ. ಔತಣಕೂಟದಲ್ಲಿ ಅಲೆಕ್ಸಾಂಡರ್ ಸೊಗಸಾಗಿ ವಾದ್ಯ ನುಡಿಸಿದಾಗ ತಂದೆ ಫಿಲಿಪ್, ‘ಇಷ್ಟು ಚೆನ್ನಾಗಿ ನುಡಿಸಲು ನಿನಗೆ ನಾಚಿಕೆಯಾಗುವುದಿಲ್ಲವೇ?’ ಎಂದು ಕೇಳಿದನೆಂಬ ಕಥೆಯನ್ನು ಜೀವನಚರಿತ್ರೆಕಾರ ಪ್ಲುಟಾರ್ಕ್ ಉಳಿಸಿದ್ದಾನೆ. ಎಲ್ಲದರಲ್ಲಿಯೂ ನಿಪುಣನಾಗಲು ಹೊರಟವನು ಮನುಷ್ಯನಾಗುವ ಕೆಲಸಕ್ಕೆ ಬಿಡುವಿಲ್ಲದವನಾಗುತ್ತಾನೆ ಎಂಬ ಎಚ್ಚರ ಇದರಲ್ಲಿದೆ. ಕೈಕೆಲಸದವರ ಬಗ್ಗೆ ಮೇಲ್ವರ್ಗದ ತಾತ್ಸಾರವೂ ಧಾರಾಳವಾಗಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಏಕೆಂದರೆ ‘ಗ್ರೀಕರು ಹೀಗೆ ಬದುಕಿದ್ದರೇ’ ಎಂಬ ನಿಮ್ಮ ಮೂರನೆಯ ಎಳೆಗೆ ಉತ್ತರ ಆ ತಾತ್ಸಾರದಲ್ಲಿದೆ. ಅರಿಸ್ಟಾಟಲನ ಅರೆತೆಗೆ ಬಿಡುವು ಬೇಕು, ಆಸ್ತಿ ಬೇಕು, ಗೆಳೆಯರು ಬೇಕು, ಪೌರತ್ವ ಬೇಕು. ಗಾರೆ ಕೆಲಸದವನೋ ಚಮ್ಮಾರನೋ ಪೂರ್ಣ ಪೌರನ ಅರೆತೆಯನ್ನು ಸಾಧಿಸಲಾರನೆಂದು ಅವನು ಬರೆದ. ಕೆಲವರು ಹುಟ್ಟಿನಿಂದಲೇ ಗುಲಾಮರೆಂದೂ, ಹೆಂಗಸರ ಅರೆತೆ ಆಳಿಸಿಕೊಳ್ಳುವವರ ಅರೆತೆಯೆಂದೂ ಬರೆದ. ತಂತಿವಾದ್ಯದ ಹುಡುಗ ಅಭ್ಯಾಸ ಮಾಡುವಾಗ ಮನೆಯ ನೀರು ಹೊತ್ತವಳ ಅರೆತೆಯ ಲೆಕ್ಕವನ್ನು ಯಾರೂ ಇಡಲಿಲ್ಲ. ಈ ವಿಷಯದಲ್ಲಿ ಅರ್ಧ ಅರೆತೆಯನ್ನು ದೇವತೆಯೇ ಕಿತ್ತುಕೊಂಡನೆಂದು ನೊಂದು ಹೇಳಿದ ಹಂದಿಗಾಹಿ ತತ್ತ್ವಜ್ಞಾನಿಗಿಂತ ಹೆಚ್ಚು ಸತ್ಯ ಕಂಡಿದ್ದನೆಂದು ನನಗೆ ತೋರುತ್ತದೆ: ಗುಣ ಕುಂದುವುದು ಮನುಷ್ಯನ ಹುಟ್ಟಿನಿಂದಲ್ಲ, ಅವನನ್ನು ಇಟ್ಟ ಸ್ಥಿತಿಯಿಂದ.

ಮೂಲವನ್ನು ಓದುವ ಮನಸ್ಸಿದ್ದರೆ ಪ್ಲೇಟೋವಿನ ಮೆನೊ ಸಂವಾದದಿಂದ ಆರಂಭಿಸಿ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅರೆತೆಯನ್ನು ಕಲಿಸಬಹುದೇ, ಅಭ್ಯಾಸದಿಂದ ಬರುತ್ತದೆಯೇ, ಹುಟ್ಟಿನಿಂದ ಬರುತ್ತದೆಯೇ ಎಂದು ಶ್ರೀಮಂತ ಯುವಕ ಮೆನೊ ಕೇಳುವುದರೊಂದಿಗೆ ಅದು ಥಟ್ಟನೆ ತೊಡಗುತ್ತದೆ. ಅರೆತೆ ಎಂದರೇನೆಂದು ಮೊದಲು ಹೇಳು ಎಂದರೆ ಅವನು ಗಂಡಸಿನದೊಂದು, ಹೆಂಗಸಿನದೊಂದು, ಮಗುವಿನದೊಂದು, ಮುದುಕನದೊಂದು ಎಂದು ಪಟ್ಟಿ ಒಪ್ಪಿಸುತ್ತಾನೆ. ಒಂದನ್ನು ಕೇಳಿದರೆ ಜೇನುಹಿಂಡನ್ನೇ ಕೊಟ್ಟೆಯಲ್ಲ ಎಂದು ಸಾಕ್ರಟೀಸ್ ನಗುತ್ತಾನೆ. ನಡುವೆ ಅನಿಟಸ್ ಎಂಬ ರಾಜಕಾರಣಿ ಬಂದು ಕೂರುತ್ತಾನೆ. ಅರೆತೆ ಕಲಿಯಲು ಸೋಫಿಸ್ಟರೇಕೆ, ಅಥೆನ್ಸಿನ ಯಾವ ಗೌರವಸ್ಥನನ್ನು ಕೇಳಿದರೂ ಕಲಿಸಿಯಾನು ಎಂಬುದು ಅವನ ನಿಲುವು. ಹಾಗಾದರೆ ಅಥೆನ್ಸಿನ ಹೆಸರಾಂತ ನಾಯಕ ಥೆಮಿಸ್ಟೊಕ್ಲೀಸ್ ತನ್ನ ಮಗನಿಗೆ ಓಡುವ ಕುದುರೆಯ ಬೆನ್ನ ಮೇಲೆ ನಿಂತು ಈಟಿ ಎಸೆಯುವುದನ್ನು ಕಲಿಸಿದ, ತನ್ನ ಅರೆತೆಯನ್ನೇಕೆ ಕಲಿಸಲಿಲ್ಲ? ಅಂಥದೇ ನಾಯಕ ಪೆರಿಕ್ಲೀಸನ ಮಕ್ಕಳ ಕಥೆ ಏನು? ಸಾಕ್ರಟೀಸ್ ಹೀಗೆ ಒಂದೊಂದಾಗಿ ಕೇಳಿದಂತೆ ಅನಿಟಸನ ಮುಖ ಕಪ್ಪಿಡುತ್ತದೆ. ಜನರ ಬಗ್ಗೆ ಹಗುರವಾಗಿ ಮಾತನಾಡುತ್ತಿದ್ದೀಯ, ಎಚ್ಚರ ಎಂದು ಅವನು ಸಿಟ್ಟಿನಿಂದ ಮಾತು ನಿಲ್ಲಿಸುತ್ತಾನೆ. ಕ್ರಿ.ಪೂ. 399ರ ಮೊಕದ್ದಮೆಯಲ್ಲಿ ಸಾಕ್ರಟೀಸನ ಮೇಲೆ ಆರೋಪ ಹೊರಿಸಿದ ಮೂವರಲ್ಲಿ ಈ ಅನಿಟಸನೂ ಒಬ್ಬ.